ಸಂಗೀತಗಾರರ ಕೈಬರಹ, ಹಳೇ ಸ್ಕೋರ್, ಪತ್ರ: ಸಂಗ್ರಹ ಎಲ್ಲಿಂದ ಶುರು ಮಾಡಬೇಕು?

ಮಲ್ಲೇಶ್ವರಂ_ಪಿಯಾನೊ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಪಾಶ್ಚಾತ್ಯ ಸಂಗೀತ ಕೇಳುವವರು, ಹಳೇ ಪುಸ್ತಕ ಕೂಡಿಡುವವರು ಇಬ್ಬರೂ ಇಲ್ಲಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಾನು ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತೇನೆ. ದಿನಾ ನುಡಿಸುವ ಸಂಗೀತ ಬರೆದವರ ಕೈಬರಹವೋ, ಅವರ ಕಾಲದ ಮುದ್ರಣವೋ, ಒಂದು ಪತ್ರವೋ ಮನೆಯಲ್ಲಿ ಇರಬೇಕು ಅಂತ ಬಹಳ ದಿನದ ಆಸೆ. ಈಗ ಸ್ವಲ್ಪ ದುಡ್ಡು ಎತ್ತಿಟ್ಟಿದ್ದೇನೆ.

ಸದ್ಯ ಮೂರು ವಸ್ತು ನೋಡಿದ್ದೇನೆ. ಮೂರೂ ಬೇರೆ ಬೇರೆ ಮಾರಾಟಗಾರರ ಹತ್ತಿರ ಇವೆ.

ಮೊದಲನೆಯದು ಬೀಥೋವನ್ ಕೈಬರಹ ಅಂತ ಹೇಳುತ್ತಿರುವ ಅರ್ಧ ಹಾಳೆ. ನಾಲ್ಕೈದು ಸಾಲು ಸ್ವರ, ಓದಲಾಗದ ಒಂದೆರಡು ಪದ. ಫ್ರೇಮ್ ಹಾಕಿದ್ದಾರೆ, ಹಿಂದೆ ಸರ್ಟಿಫಿಕೇಟ್ ಅಂಟಿಸಿದ್ದಾರೆ. ಎರಡೂವರೆ ಲಕ್ಷ ರೂಪಾಯಿ ಹೇಳುತ್ತಿದ್ದಾರೆ. ಎರಡನೆಯದು ಶುಮನ್ ಮಕ್ಕಳಿಗಾಗಿ ಬರೆದ ಪಿಯಾನೊ ಆಲ್ಬಂ, ಓಪಸ್ (ಕೃತಿ ಸಂಖ್ಯೆ) 68. "ಮೊದಲ ಮುದ್ರಣ, 1848" ಅಂತ ಹಾಕಿದ್ದಾರೆ. ಮೂರನೆಯದು ಫರ್ಡಿನಾಂಡ್ ಹಿಲ್ಲರ್ ಅನ್ನುವ ಸಂಗೀತಗಾರ ಬರೆದ ಪತ್ರ, ಜರ್ಮನಿಯ ಒಂದು ಅಂಗಡಿಯಲ್ಲಿದೆ. ಮೂರರಲ್ಲೂ ಇದೇ ಅಗ್ಗ. ಈ ಹಿಲ್ಲರ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ.

ಮನಸ್ಸು ಬೀಥೋವನ್ ಕಡೆಗೇ ಎಳೆಯುತ್ತಿದೆ. ತಿಳಿದವರು ಹೇಳಿ.

ಹಳೇಕಾಗದ (ಬಾನ್, ಜರ್ಮನಿ)

ಬೀಥೋವನ್ ಹಾಳೆಗೆ ದಯವಿಟ್ಟು ಮುಂಗಡ ಕೊಡಬೇಡಿ. ನಿಜವಾದ ಬೀಥೋವನ್ ಸ್ವರಹಾಳೆ ಹರಾಜಿಗೆ ಬಂದರೆ ಒಂದೇ ಹಾಳೆಯಾದರೂ ನೀವು ಹೇಳಿದ ದುಡ್ಡಿನ ಎಷ್ಟೋ ಪಟ್ಟು ಬೆಲೆಗೆ ಹೋಗುತ್ತದೆ. ಇಷ್ಟು ಕಡಿಮೆಗೆ ಯಾಕೆ ಕೊಡುತ್ತಾರೆ, ಅಲ್ವಾ?

ಬೆಲೆಗಿಂತ ಮೊದಲು ಕೇಳಬೇಕಾದ್ದು ಹಾಳೆಯ ಪೂರ್ವಾಪರ. ಬರೆದವರ ಕೈಯಿಂದ ಯಾರ ಕೈಗೆ ಹೋಯಿತು, ಅವರಿಂದ ಯಾರಿಗೆ, ಯಾವ ಹರಾಜಿನ ಪಟ್ಟಿಯಲ್ಲಿ ಬಂದಿತ್ತು, ಈಗ ಮಾರುವವರಿಗೆ ಹೇಗೆ ಸಿಕ್ಕಿತು. ಈ ದಾರಿಯಲ್ಲಿ ದೊಡ್ಡ ಖಾಲಿ ಇದ್ದರೆ ಅದನ್ನು ತುಂಬುವ ಜವಾಬ್ದಾರಿ ಮಾರುವವರದು.

ಒಂದು ಉದಾಹರಣೆ ಹೇಳುತ್ತೇನೆ. ಬೀಥೋವನ್ ನಾಲ್ಕು ತಂತಿವಾದ್ಯಗಳಿಗೆ ಬರೆದ ತನ್ನ ಗ್ರೋಸ್ ಫ್ಯೂಗ್ ಅನ್ನುವ ಕೃತಿಯನ್ನು ನಾಲ್ಕು ಕೈ ಪಿಯಾನೊಗೆ (ಒಂದೇ ಪಿಯಾನೊದಲ್ಲಿ ಇಬ್ಬರು ನುಡಿಸುವಂತೆ) ತಾನೇ ಅಳವಡಿಸಿದ್ದ, ಓಪಸ್ 134. ಅದರ ಕೈಬರಹ 1890ರಲ್ಲಿ ಬರ್ಲಿನ್‌ನಲ್ಲಿ ಹರಾಜಾಗಿ ಕಣ್ಮರೆಯಾಯಿತು. ನೂರು ವರ್ಷಕ್ಕೂ ಮೇಲೆ ಅದು ಎಲ್ಲಿದೆ ಅಂತ ವಿದ್ವಾಂಸರಿಗೆ ತಿಳಿದಿರಲಿಲ್ಲ. 2005ರ ಬೇಸಿಗೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ಹತ್ತಿರದ ಪಾಮರ್ ಸೆಮಿನರಿ ಅನ್ನುವ ಪಾದ್ರಿಗಳ ತರಬೇತಿ ಶಾಲೆಯ ಲೈಬ್ರರಿಯನ್ ಹೆದರ್ ಕಾರ್ಬೊ ಕಪಾಟು ಸ್ವಚ್ಛ ಮಾಡುವಾಗ ಕೆಳಗಿನ ಅರೆಯಲ್ಲಿ ಸಿಕ್ಕಿತು. 80 ಪುಟ. ಕಂದು, ಕಪ್ಪು ಶಾಯಿ, ಪೆನ್ಸಿಲ್, ಕೆಂಪು ಕ್ರೇಯಾನ್. ಕೆಲವು ಕಡೆ ಕಾಗದ ತೂತಾಗುವಷ್ಟು ಕೆರೆದು ಅಳಿಸಿದ್ದಾನೆ.

ಅಲ್ಲಿಗೆ ಹೇಗೆ ಬಂತು? ವಿಲಿಯಂ ಹೊವರ್ಡ್ ಡೋನ್ ಅಂತ ಸಿನ್ಸಿನಾಟಿಯ ಕಾರ್ಖಾನೆ ಮಾಲೀಕ, ತಾನೂ ಚರ್ಚ್ ಹಾಡುಗಳಿಗೆ ರಾಗ ಹಾಕಿದವನು. ಅವನು ಕೊಂಡಿದ್ದ. ಅವನ ಮಗಳು 1950ರ ದಶಕದಲ್ಲಿ ಆ ಸೆಮಿನರಿಗೆ ಕೊಟ್ಟಿದ್ದಳು. ಅದೇ ಸಂಗ್ರಹದಿಂದ 1990ರಲ್ಲೇ ಮೊಜಾರ್ಟ್‌ನ ಸಿ ಮೈನರ್ ಫ್ಯಾಂಟಸಿ ಮತ್ತು ಸೊನಾಟಾದ ಕೈಬರಹ ಸಿಕ್ಕಿತ್ತು. ನೋಡಿ, ಪ್ರತಿ ಮೆಟ್ಟಿಲಿಗೂ ಒಂದು ಹೆಸರಿದೆ. ಆದ್ದರಿಂದಲೇ 2005ರ ಡಿಸೆಂಬರ್‌ನಲ್ಲಿ ಲಂಡನ್‌ನ ಸದಬೀಸ್ ಹರಾಜು ಮನೆಯಲ್ಲಿ ಅದು 11 ಲಕ್ಷ ಪೌಂಡಿಗೂ ಜಾಸ್ತಿ ಬೆಲೆಗೆ ಹೋಯಿತು. ಕೊಂಡ ಬ್ರೂಸ್ ಕೋವ್ನರ್ ಮರುವರ್ಷ ಅದನ್ನೂ ಸೇರಿಸಿ 139 ವಸ್ತುಗಳನ್ನು ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತ ಶಾಲೆಗೆ ಕೊಟ್ಟರು. ಇವತ್ತು ಯಾರು ಬೇಕಾದರೂ ಕಂಪ್ಯೂಟರಿನಲ್ಲೇ ಪುಟಪುಟ ನೋಡಬಹುದು. ನೀವೂ ನೋಡಿ. ಆಮೇಲೆ ನಿಮ್ಮ ಮಾರಾಟಗಾರರ ಫೋಟೊ ನೋಡಿ.

ಶಾಯಿ_ಮತ್ತು_ಕಾಗದ (ಲಂಡನ್)

ನಾನು ಒಂದು ಲೈಬ್ರರಿಯಲ್ಲಿ ಹಳೇ ಕಾಗದ ದುರಸ್ತಿ ಮಾಡುವ ಕೆಲಸದಲ್ಲಿದ್ದೇನೆ. ಹಳೇಕಾಗದ ಸರ್ ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ: ಫ್ರೇಮ್ ಬಿಚ್ಚಿ ತೋರಿಸಲು ಒಪ್ಪದವರ ಹತ್ತಿರ ಏನನ್ನೂ ಕೊಳ್ಳಬೇಡಿ.

ಕೈಬರಹ ಅಂದರೆ ಬರೀ ಅಕ್ಷರ ಅಲ್ಲ. ಕಾಗದವನ್ನು ಬೆಳಕಿಗೆ ಹಿಡಿದರೆ ವಾಟರ್‌ಮಾರ್ಕ್ (ಕಾಗದ ಮಾಡುವಾಗಲೇ ಅದರಲ್ಲಿ ಮೂಡಿಸಿದ ಗುರುತು) ಕಾಣಬೇಕು. ಹಾಳೆಯ ಹಿಂಬದಿ ಕಾಣಬೇಕು. ಆ ಕಾಲದಲ್ಲಿ ಸ್ವರದ ಐದು ಗೆರೆಗಳನ್ನು ರಾಸ್ಟ್ರಮ್ ಅನ್ನುವ ಐದು ಮೊನೆಯ ಪೆನ್ನಿನಿಂದಲೋ ಯಂತ್ರದಿಂದಲೋ ಎಳೆಯುತ್ತಿದ್ದರು. ಗೆರೆಗಳ ನಡುವಿನ ಅಂತರ ಅಳೆದೇ ಎರಡು ಹಾಳೆ ಒಂದೇ ಕಟ್ಟಿನವಾ ಅಂತ ಹೇಳಬಹುದು. ಅಲನ್ ಟೈಸನ್ ಎಂಬ ವಿದ್ವಾಂಸರು ವಾಟರ್‌ಮಾರ್ಕ್ ನೋಡಿಯೇ ಮೊಜಾರ್ಟ್‌ನ ಎಷ್ಟೋ ಕೃತಿಗಳ ಕಾಲವನ್ನು ತಿದ್ದಿದರು. ಗಾಜಿನ ಹಿಂದೆ ಕೂತ ಹಾಳೆ ಇದ್ಯಾವುದನ್ನೂ ಹೇಳುವುದಿಲ್ಲ.

ಆದರೆ ಕಾಗದ ಹಳೆಯದು ಅಂದ ಮಾತ್ರಕ್ಕೆ ಬರಹವೂ ಹಳೆಯದಲ್ಲ. ಮಿಲಾನ್‌ನಲ್ಲಿ ಟೋಬಿಯಾ ನಿಕೋಟ್ರಾ ಅಂತ ಒಬ್ಬನಿದ್ದ. ಲೈಬ್ರರಿಗಳಿಗೆ ಹೋಗಿ ಹಳೇ ಪುಸ್ತಕಗಳ ಖಾಲಿ ಹಾಳೆ ಹರಿದುಕೊಂಡು ಬಂದು, ಅವುಗಳ ಮೇಲೆ ಮೊಜಾರ್ಟ್, ಪೆರ್ಗೊಲೆಸಿ ಕೈಬರಹ ಸೃಷ್ಟಿಸುತ್ತಿದ್ದ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ 1928ರಲ್ಲಿ ಅವನಿಂದ ಒಂದು "ಮೊಜಾರ್ಟ್" ಕೊಂಡಿತ್ತು. 1934ರಲ್ಲಿ ಅವನಿಗೆ ಜೈಲಾಯಿತು. ಅವನ ಕೈಚಳಕ ಎಷ್ಟಿತ್ತೆಂದರೆ, ಮಿಶಿಗನ್ ವಿಶ್ವವಿದ್ಯಾಲಯ ಹೆಮ್ಮೆಯಿಂದ ಇಟ್ಟುಕೊಂಡಿದ್ದ ಗೆಲಿಲಿಯೊ ಹಾಳೆಯೂ ಅವನದೇ ಕೆಲಸ ಅಂತ ಖಚಿತವಾದದ್ದು 2022ರಲ್ಲಿ. ಅದು ಬಯಲಾಗಿದ್ದೂ ವಾಟರ್‌ಮಾರ್ಕ್‌ನಿಂದಲೇ.

ಹಾಗೇ 1993ರ ಕಥೆ. ಕಳೆದುಹೋಗಿದ್ದ ಹೈಡನ್‌ನ 6 ಪಿಯಾನೊ ಸೊನಾಟಾ ಸಿಕ್ಕವು ಅಂತ ದೊಡ್ಡ ಸುದ್ದಿಯಾಯಿತು. ಹೈಡನ್ ವಿದ್ವಾಂಸ ರಾಬಿನ್ಸ್ ಲ್ಯಾಂಡನ್, ಪಿಯಾನೊ ವಾದಕ ಬಾಡುರಾ-ಸ್ಕೋಡಾ ಅಂಥ ದಿಗ್ಗಜರೇ ಒಪ್ಪಿಬಿಟ್ಟಿದ್ದರು. ಅವರ ಕೈಗೆ ಬಂದಿದ್ದು ಬರೀ ಜೆರಾಕ್ಸ್. ಮೂಲ ಹಾಳೆ ಕೊನೆಗೂ ಬರಲಿಲ್ಲ. ಅವನ್ನು ಬರೆದದ್ದು ಜರ್ಮನಿಯ ಮ್ಯೂನ್‌ಸ್ಟರ್‌ನ ವಿನ್‌ಫ್ರೀಡ್ ಮೀಖೆಲ್ ಎಂಬ ಸಂಗೀತ ಶಿಕ್ಷಕ. ಸಂಗೀತ ಅಷ್ಟು ಚೆನ್ನಾಗಿತ್ತು, ಎಲ್ಲರೂ ನಂಬಲು ಸಿದ್ಧರಿದ್ದರು. ನಂಬಬೇಕು ಅನ್ನುವ ಆಸೆ ಬಲವಾಗಿದ್ದಾಗಲೇ ಮೂಲ ಹಾಳೆ ತೋರಿಸಿ ಅಂತ ಗಟ್ಟಿಯಾಗಿ ಕೇಳಬೇಕು.

ಹಳೇಕಾಗದ

ನಿಜ. ಎಲ್ಲ ಸರಿ ಇದ್ದಂತೆ ಕಂಡರೂ ಜಾರುವುದುಂಟು. 2016ರ ನವೆಂಬರ್‌ನಲ್ಲಿ ಸದಬೀಸ್ ಹರಾಜಿಗೆ ಬೀಥೋವನ್‌ನ ಒಂದು ಅಲೆಗ್ರೆಟ್ಟೊ ಹಾಳೆ ಬಂದಿತ್ತು. ಇದು ಬೀಥೋವನ್ ಕೈಬರಹವಲ್ಲ, ನಕಲು ಮಾಡಿದವರದು ಅಂತ ಪ್ರೊಫೆಸರ್ ಬ್ಯಾರಿ ಕೂಪರ್ ಹೇಳಿದರು. ಹರಾಜು ಮನೆ ತನ್ನ ಮಾತಿಗೇ ಅಂಟಿಕೊಂಡಿತು. ಆದರೆ ಹಾಳೆ ಮಾರಾಟವಾಗಲಿಲ್ಲ. ಅದೇ ದಿನ, ಅದೇ ಕೋಣೆಯಲ್ಲಿ ಮಾಹ್ಲರ್‌ನ ಎರಡನೇ ಸಿಂಫನಿಯ 232 ಪುಟದ ಕೈಬರಹ 45 ಲಕ್ಷ ಪೌಂಡಿಗೆ ಹೋಯಿತು.

ಆ ಮಾಹ್ಲರ್‌ದು ನೇರ ದಾರಿ. ಮಾಹ್ಲರ್ ತೀರಿಕೊಂಡ ಮೇಲೆ ಪತ್ನಿ ಆಲ್ಮಾ 1920ರಲ್ಲಿ ಡಚ್ ಕಂಡಕ್ಟರ್ ಮೆಂಗೆಲ್‌ಬೆರ್ಗ್‌ಗೆ ಕೊಟ್ಟರು. ಅವರ ಪ್ರತಿಷ್ಠಾನದಿಂದ 1984ರಲ್ಲಿ ಅಮೆರಿಕದ ಉದ್ಯಮಿ ಗಿಲ್ಬರ್ಟ್ ಕ್ಯಾಪ್ಲನ್ ಕೊಂಡರು. ಅವರು ತೀರಿಕೊಂಡ ವರ್ಷವೇ ಹರಾಜಾಯಿತು. ಒಂದು ಅನುಮಾನಕ್ಕೂ ಜಾಗವಿಲ್ಲ.

ನಿಮ್ಮದು ಅರ್ಧ ಹಾಳೆ ಅಂದಿರಲ್ಲ, ಅದು ನನಗೆ ಇನ್ನೂ ಚುಚ್ಚುತ್ತದೆ. ಅಪ್ಪಟ ಬೀಥೋವನ್ ಆಗಿದ್ದರೂ ಅದು ಗಾಯದ ಗುರುತು. ಅವನು ತೀರಿಕೊಂಡ ವರ್ಷವೇ, 1827ರ ನವೆಂಬರ್‌ನಲ್ಲಿ, ವಿಯೆನ್ನಾದಲ್ಲಿ ಅವನ ಕಾಗದಪತ್ರ ಹರಾಜಾದವು. ಅವನು ಸ್ವರ ಬರೆದು, ಹೊಡೆದು, ತಿದ್ದಿ ಇಟ್ಟುಕೊಂಡ ನೋಟ್‌ಬುಕ್‌ಗಳು ಆಮೇಲೆ ಒಂದೊಂದಾಗಿ ಬಿಚ್ಚಿಹೋದವು. ನೆನಪಿನ ಕಾಣಿಕೆ ಅಂತ ಒಂದು ಹಾಳೆ ಇವರಿಗೆ, ಅರ್ಧ ಹಾಳೆ ಅವರಿಗೆ. ನೂರೈವತ್ತು ವರ್ಷದ ನಂತರ ವಿದ್ವಾಂಸರು ಕೂತು ಹೊಲಿಗೆಯ ತೂತು, ಎದುರು ಪುಟಕ್ಕೆ ಅಂಟಿದ ಶಾಯಿ ಚುಕ್ಕೆ, ವಾಟರ್‌ಮಾರ್ಕ್ ಎಲ್ಲ ಹೊಂದಿಸಿ ಆ ಪುಸ್ತಕಗಳನ್ನು ಕಾಗದದ ಮೇಲೆ ಮತ್ತೆ ಕಟ್ಟಬೇಕಾಯಿತು. ಪುಸ್ತಕದಿಂದ ಕತ್ತರಿಸಿದ ಹಾಳೆಗೆ ಇವತ್ತೂ ಗಿರಾಕಿ ಇರುವುದರಿಂದಲೇ ಇವತ್ತೂ ಕತ್ತರಿಸುತ್ತಾರೆ. ನಾವು ಕೊಳ್ಳಬಾರದು.

ತಂಬೂರಿ (ಧಾರವಾಡ)

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನಗೆ ಈ ಇಡೀ ವ್ಯವಹಾರವೇ ಸರಿ ಕಾಣುವುದಿಲ್ಲ. ಬೀಥೋವನ್, ಮಾಹ್ಲರ್ ಬರೆದದ್ದು ಯಾರದೋ ಮನೆಯ ಗೋಡೆ ಮೇಲೆ ಯಾಕಿರಬೇಕು? ದುಡ್ಡಿದ್ದವರ ಬೀರುವಿನಲ್ಲಿ ಸೇರಿಕೊಂಡರೆ ಸಂಗೀತ ಕಲಿಯುವವರಿಗೆ ಏನು ಸಿಕ್ಕಿತು? ಎಲ್ಲ ಲೈಬ್ರರಿಗೆ ಹೋಗಬೇಕು.

ನಮ್ಮ ಕಡೆಯದನ್ನೇ ನೋಡಿ. ತ್ಯಾಗರಾಜರ ಕೃತಿಗಳ ಬಗ್ಗೆ ನಮಗೆ ಬಹಳಷ್ಟು ಗೊತ್ತಿರುವುದು ಶಿಷ್ಯರು ಬರೆದಿಟ್ಟ ವಾಲಾಜಪೇಟೆ ಹಸ್ತಪ್ರತಿಗಳಿಂದ. ಅವು ಮದುರೆಯ ಸೌರಾಷ್ಟ್ರ ಸಭೆಯಲ್ಲಿ ಉಳಿದದ್ದರಿಂದ ಸಂಶೋಧಕರು ಹೋಗಿ ನೋಡಲು ಆಯಿತು. ಒಬ್ಬೊಬ್ಬರ ಮನೆಗೆ ಒಂದೊಂದು ಗರಿ ಹೋಗಿದ್ದರೆ?

ಹಳೇಕಾಗದ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಒಂದೊಂದು ಗರಿ ಹೋಗಬಾರದು ಅನ್ನುವುದರಲ್ಲಿ ನಾವಿಬ್ಬರೂ ಒಂದೇ ಕಡೆ. ಆದರೆ ಖಾಸಗಿ ಸಂಗ್ರಹಕಾರರು ಇಲ್ಲದಿದ್ದರೆ ಲೈಬ್ರರಿಗಳಲ್ಲಿ ಇವತ್ತು ಇರುವುದರಲ್ಲಿ ಎಷ್ಟೋ ಉಳಿಯುತ್ತಲೇ ಇರಲಿಲ್ಲ.

ಮೊಜಾರ್ಟ್‌ನ ಡಾನ್ ಜೊವಾನಿ ಒಪೆರಾದ ಕೈಬರಹ ಲಂಡನ್‌ನಲ್ಲಿ ಮಾರಾಟಕ್ಕಿತ್ತು. 1855ರಲ್ಲಿ ಅದನ್ನು ಕೊಂಡದ್ದು ಗಾಯಕಿ ಪೌಲಿನ್ ವಿಯಾರ್ಡೊ. ಅದಕ್ಕೆ ಅಂತಲೇ ಪೆಟ್ಟಿಗೆ ಮಾಡಿಸಿ, ಮನೆಗೆ ಬಂದ ಸಂಗೀತಗಾರರಿಗೆ ತೆಗೆದು ತೋರಿಸುತ್ತಿದ್ದರು. 1892ರಲ್ಲಿ ಪ್ಯಾರಿಸ್ ಕನ್ಸರ್ವೇಟರಿಗೆ ಕೊಟ್ಟರು. ಈಗ ಅದು ಫ್ರಾನ್ಸಿನ ರಾಷ್ಟ್ರೀಯ ಲೈಬ್ರರಿಯಲ್ಲಿದೆ. ಲೇಖಕ ಸ್ಟೆಫಾನ್ ಜ್ವೈಗ್ ಜೀವನವಿಡೀ ಕೂಡಿಸಿದ ಕೈಬರಹಗಳಲ್ಲಿ ಮೊಜಾರ್ಟ್ ತನ್ನ ಕೃತಿಗಳಿಗೆ ತಾನೇ ಬರೆದಿಟ್ಟುಕೊಂಡ ಪಟ್ಟಿಯೂ ಇತ್ತು. 1986ರಲ್ಲಿ ಆ ಸಂಗ್ರಹ ಬ್ರಿಟಿಷ್ ಲೈಬ್ರರಿಗೆ ಬಂತು. ಕ್ಯಾಪ್ಲನ್ ಅಂತೂ ಮಾಹ್ಲರ್ ಕೈಬರಹ ಕೊಂಡ ಎರಡೇ ವರ್ಷಕ್ಕೆ ಅದರ ಪಡಿಯಚ್ಚು ತಂದರು. ಎರಡನೇ ಸಿಂಫನಿಯ ತಪ್ಪುಗಳನ್ನು ತಿದ್ದಿದ ಹೊಸ ಆವೃತ್ತಿಗೂ ದುಡಿದರು.

ಇನ್ನು ಸಾರ್ವಜನಿಕ ಜಾಗದಲ್ಲಿದ್ದರೆ ಸುರಕ್ಷಿತ ಅನ್ನೋದೂ ಪೂರ್ತಿ ನಿಜವಲ್ಲ. ಮೊಜಾರ್ಟ್‌ನ ರೆಕ್ವಿಯೆಮ್ ಕೈಬರಹವನ್ನು 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಯಾರೋ ಒಂದು ಪುಟದ ಮೂಲೆ ಹರಿದುಕೊಂಡು ಹೋದರು. ಆ ಮೂಲೆಯಲ್ಲಿ ಮೊಜಾರ್ಟ್ ಬರೆದ ಕೊನೆಯ ಅಕ್ಷರಗಳಿರಬಹುದು ಅನ್ನುತ್ತಾರೆ. ಇವತ್ತಿಗೂ ಸಿಕ್ಕಿಲ್ಲ.

ಮೈಸೂರು_ಮೆಟ್ನರ್ (ಮೈಸೂರು)

ತಂಬೂರಿಯವರ ಪರವಾಗಿಯೂ ಒಂದು ಕಥೆ ಇದೆ. ಅದು ಸುತ್ತಿ ನಮ್ಮ ಊರಿಗೇ ಬರುತ್ತದೆ.

ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಬಂದದ್ದು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, 22 ಮೇ 1950ರಂದು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯ ಆರ್ಕೆಸ್ಟ್ರಾ. ಆ ಕಛೇರಿಗೆ ದುಡ್ಡಿನ ಭರವಸೆ ಕೊಟ್ಟವರು ಜಯಚಾಮರಾಜ ಒಡೆಯರ್. ಸ್ಟ್ರಾಸ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಆ ನಾಲ್ಕು ಹಾಡಿನ ನಂತರ ಅವರು ಇನ್ನೊಂದನ್ನೂ ಬರೆದಿದ್ದರು, ಹೆಸರು ಮಾಲ್ವೆನ್, 1948ರ ನವೆಂಬರ್. ಕೈಬರಹವನ್ನು ಗಾಯಕಿ ಮರಿಯಾ ಯೆರಿಟ್ಸಾಗೆ ಕಳಿಸಿದರು. ಅವರು ಅದನ್ನು ಹಾಡಲೂ ಇಲ್ಲ, ಹೊರಗೆ ಬಿಡಲೂ ಇಲ್ಲ. 1982ರಲ್ಲಿ ಅವರು ತೀರಿಕೊಂಡ ಮೇಲೆ ಹರಾಜಿಗೆ ಬಂತು. 1985ರಲ್ಲಿ ಕಿರಿ ಟೆ ಕನಾವ ಹಾಡಿದಾಗಲೇ ಜನ ಕೇಳಿದ್ದು. ಒಂದು ಪೂರ್ತಿ ಹಾಡು ಮೂವತ್ತಕ್ಕೂ ಹೆಚ್ಚು ವರ್ಷ ಒಬ್ಬರ ಮನೆಯಲ್ಲಿ ಕೂತಿತ್ತು! ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪಿಯಾನೊ ಮೇಡಂ, ಇನ್ನೊಂದು ಸಲಹೆ. ನಿಮ್ಮ ಸಂಗ್ರಹಕ್ಕೆ ಮೈಸೂರಿನ ನಂಟು ಬೇಕಾದರೆ ನಿಕೊಲಾಯ್ ಮೆಟ್ನರ್ ಕಡೆ ನೋಡಿ. ಮಾಸ್ಕೋದಲ್ಲಿ ಹುಟ್ಟಿ ಲಂಡನ್‌ನಲ್ಲಿ ನೆಲೆಸಿದ್ದ ಈ ಪಿಯಾನೊ ವಿದ್ವಾಂಸ ವಯಸ್ಸಾದ ಕಾಲದಲ್ಲಿ ಬಹಳ ಕಷ್ಟದಲ್ಲಿದ್ದರು. ನಮ್ಮ ಮಹಾರಾಜರಿಗೆ ಅವರ ಸಂಗೀತ ಅಂದರೆ ಪ್ರಾಣ. 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿ ಅಂತ ಕಟ್ಟಿ, ಎಚ್‌ಎಂವಿ ಕಂಪನಿಗೆ ಮೆಟ್ನರ್ ತಾವೇ ಪಿಯಾನೊ ನುಡಿಸಿದ ರೆಕಾರ್ಡ್‌ಗಳನ್ನು ಮಾಡಿಸಿದರು. ಪಿಯಾನೊ ಮತ್ತು ಆರ್ಕೆಸ್ಟ್ರಾಗೆ ಅವರು ಬರೆದ ಮೂರು ಕನ್ಚೆರ್ಟೊಗಳೂ ಹಾಗೆ ರೆಕಾರ್ಡ್ ಆದವು. ಮೂರನೇ ಕನ್ಚೆರ್ಟೊವನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ. ಮೆಟ್ನರ್ 1951ರಲ್ಲಿ ತೀರಿಕೊಂಡರು. ಆಮೇಲೆ ಪತ್ನಿ ಆನ್ನಾ ಅವರ ಕಾಗದಪತ್ರಗಳನ್ನು ತೆಗೆದುಕೊಂಡು ರಷ್ಯಾಕ್ಕೆ ವಾಪಸ್ ಹೋದರು. ಕೈಬರಹದ ಮುಖ್ಯ ಭಾಗ ಮಾಸ್ಕೋದ ಸಂಗೀತ ಮ್ಯೂಸಿಯಂನಲ್ಲಿದೆ, ಅದು ನಮಗೆ ಸಿಗುವಂಥದ್ದಲ್ಲ. ಆದರೆ ಅವರ ಕಾಲದ ಮುದ್ರಿತ ಸ್ಕೋರ್‌ಗಳು, ಸೊಸೈಟಿಯ 78 ಆರ್‌ಪಿಎಂ ರೆಕಾರ್ಡ್‌ಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಮೈಸೂರಿನ ಹೆಸರು ಹೊತ್ತ ವಸ್ತು ಮೈಸೂರು ಸೀಮೆಯಲ್ಲೇ ಇದ್ದರೆ ಚೆನ್ನ ಅಂತ ನನ್ನ ಆಸೆ.

ಮಲ್ಲೇಶ್ವರಂ_ಪಿಯಾನೊ

ಎಷ್ಟೊಂದು ವಿಷಯ! ಮಹಾರಾಜರು ಮತ್ತು ಮೆಟ್ನರ್ ಬಗ್ಗೆ ಕೇಳಿದ್ದೆ, ಮಾಲ್ವೆನ್ ವಿಷಯ ಹೊಸದು.

ಬೀಥೋವನ್ ಮಾರಾಟಗಾರರಿಗೆ ಬರೆದೆ. ಫ್ರೇಮ್ ಬಿಚ್ಚಿದರೆ ಸರ್ಟಿಫಿಕೇಟ್ ರದ್ದಾಗುತ್ತದೆ ಅಂದರು. ಮುಂಚೆ ಯಾರ ಹತ್ತಿರ ಇತ್ತು ಅಂದರೆ "ಯುರೋಪಿನ ಹಳೇ ಮನೆತನ" ಅಷ್ಟೇ. ಅದನ್ನು ಕೈಬಿಟ್ಟಿದ್ದೇನೆ.

ಈಗ ಶುಮನ್. ಮುಖಪುಟದ ಫೋಟೊ ನೋಡಿ ಹೇಳುವುದು ಹೇಗೆ? ಇಸವಿ ಎಲ್ಲೂ ಇಲ್ಲ.

ಹಳೇಕಾಗದ

ಇಸವಿ ಇರುವುದಿಲ್ಲ. ಆ ಕಾಲದ ಸಂಗೀತ ಪ್ರಕಾಶಕರು ಬೇಕೆಂದೇ ಹಾಕುತ್ತಿರಲಿಲ್ಲ, ಹಳೇ ಸರಕು ಅನ್ನಿಸಬಾರದು ಅಂತ. ಅದಕ್ಕೇ ಬೇರೆ ಗುರುತು ಹುಡುಕಬೇಕು.

ಮುದ್ರಣ ಹೇಗಾಗುತ್ತಿತ್ತು ಅಂತ ತಿಳಿದರೆ ಅರ್ಧ ಕೆಲಸ ಮುಗಿಯಿತು. ತವರ-ಸೀಸ ಬೆರೆತ ತಗಡಿನ ಮೇಲೆ ಸ್ವರದ ತಲೆಗಳನ್ನು ಉಳಿಯಿಂದ ಒತ್ತಿ, ಗೆರೆಗಳನ್ನು ಕೆತ್ತುತ್ತಿದ್ದರು, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಆ ತಗಡಿಗೆ ಶಾಯಿ ತುಂಬಿ ಕಾಗದದ ಮೇಲೆ ಒತ್ತಿದರೆ ಪುಟದ ಸುತ್ತ ತಗಡಿನ ಅಂಚು ತಗ್ಗಾಗಿ ಮೂಡುತ್ತದೆ. ಬೆರಳಿಟ್ಟರೆ ಗೊತ್ತಾಗುತ್ತದೆ. ಕಲ್ಲಚ್ಚಿನಲ್ಲಿ (ಲಿಥೊಗ್ರಾಫ್) ಆ ತಗ್ಗು ಇರುವುದಿಲ್ಲ. ಪ್ರತಿ ಪುಟದ ಕೆಳಗೆ ಒಂದು ಸಂಖ್ಯೆ ಇರುತ್ತದೆ, ಅದು ಪ್ಲೇಟ್ ನಂಬರ್. ಪ್ರಕಾಶಕರ ಪ್ಲೇಟ್ ನಂಬರ್‌ಗಳ ಪಟ್ಟಿ ವಿದ್ವಾಂಸರು ಮಾಡಿಟ್ಟಿದ್ದಾರೆ. ಅದರಿಂದ ತಗಡು ಯಾವ ವರ್ಷದ್ದು ಅಂತ ಸುಮಾರಾಗಿ ತಿಳಿಯುತ್ತದೆ.

ಇಲ್ಲೇ ಜನ ಎಡವುವುದು. ತಗಡು 1848ರದ್ದು ಅಂದರೆ ಕಾಗದವೂ 1848ರದ್ದು ಅಂತ ಅಲ್ಲ. ಅದೇ ತಗಡಿನಿಂದ ಮೂವತ್ತು-ನಲವತ್ತು ವರ್ಷ ಅಚ್ಚು ಹಾಕಿರುತ್ತಾರೆ. ಆದ್ದರಿಂದ ಮುಖಪುಟದಲ್ಲಿ ಬೆಲೆ ನೋಡಿ. ಶುಮನ್ ಕಾಲದ ಉತ್ತರ ಜರ್ಮನಿಯಲ್ಲಿ ಬೆಲೆ ಟಾಲರ್, ಗ್ರೋಶೆನ್‌ನಲ್ಲಿ ಇರುತ್ತಿತ್ತು. ದೇಶ ಒಂದಾಗಿ ಮಾರ್ಕ್ ನಾಣ್ಯ ಬಂದದ್ದು 1870ರ ದಶಕದಲ್ಲಿ. ಬೆಲೆ ಮಾರ್ಕ್‌ನಲ್ಲಿದ್ದರೆ ಆಮೇಲಿನ ಅಚ್ಚು. ಪ್ರಕಾಶಕರ ಹೆಸರಿನ ಜೊತೆ ಯಾವ ಯಾವ ಊರಿದೆ ಅಂತಲೂ ನೋಡಿ. ಓಪಸ್ 68 ಮೊದಲು ಬಂದದ್ದು ಹ್ಯಾಂಬರ್ಗ್‌ನ ಶುಬರ್ಟ್ ಕಂಪನಿಯಿಂದ. ಮುಖಪುಟದ ಚಿತ್ರ ಲುಡ್ವಿಗ್ ರಿಕ್ಟರ್ ಬಿಡಿಸಿದ್ದು. ಚಿತ್ರ ಮಸುಕಾಗಿದ್ದರೆ, ಸಣ್ಣ ಗೆರೆಗಳು ಕೂಡಿಕೊಂಡಿದ್ದರೆ, ಬಹಳ ಸಲ ಒತ್ತಿ ಸವೆದ ಮೇಲಿನ ಪ್ರತಿ.

ಮಲ್ಲೇಶ್ವರಂ_ಪಿಯಾನೊ

ದೊಡ್ಡ ಫೋಟೊ ತರಿಸಿಕೊಂಡೆ. ಮುಖಪುಟದ ಕೆಳಗೆ ಬೆಲೆ ಮಾರ್ಕ್‌ನಲ್ಲೇ ಇದೆ! ಮಾರಾಟಗಾರರಿಗೆ ಹೇಳಿದಾಗ ಅವರು ಒಪ್ಪಿಕೊಂಡು ವಿವರಣೆ ಬದಲಾಯಿಸಿದರು, ಬೆಲೆ ಕಾಲುಭಾಗಕ್ಕೆ ಇಳಿಸಿದರು. ಈಗ ತೆಗೆದುಕೊಳ್ಳಲೇ?

ಹಳೇಕಾಗದ

ಆ ಬೆಲೆಗೆ ಖಂಡಿತ ತೆಗೆದುಕೊಳ್ಳಿ. 19ನೇ ಶತಮಾನದ ಪ್ರತಿ, ಶುಮನ್ ಕಾಲದ ತಗಡಿನಿಂದ ಬಂದದ್ದೇ ಆಗಿರಬಹುದು, ನಿಮ್ಮ ಮಕ್ಕಳು ಮುಟ್ಟಿ ನೋಡಬಹುದು. ತಪ್ಪು ತೋರಿಸಿದಾಗ ತಿದ್ದಿಕೊಂಡ ಮಾರಾಟಗಾರರ ವಿಳಾಸವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಅಂಥವರು ಈ ಹವ್ಯಾಸದಲ್ಲಿ ಸಿಗೋದು ಭಾಗ್ಯ.

ಇನ್ನು ಹಿಲ್ಲರ್. ನಾನಾಗಿದ್ದರೆ ಮೊದಲ ದಿನವೇ ಆ ಪತ್ರ ಕೊಳ್ಳುತ್ತಿದ್ದೆ.

ಫರ್ಡಿನಾಂಡ್ ಹಿಲ್ಲರ್ 1811ರಿಂದ 1885ರವರೆಗೆ ಬದುಕಿದ್ದವರು. ಮೆಂಡೆಲ್ಸನ್, ಶೋಪ್ಯಾಂ, ಲಿಸ್ಟ್, ಶುಮನ್ ಎಲ್ಲರ ಸ್ನೇಹಿತ. ಕೊಲೋನ್‌ನಲ್ಲಿ ದಶಕಗಟ್ಟಲೆ ಸಂಗೀತ ಶಾಲೆ ನಡೆಸಿದರು. ಶುಮನ್ ತನ್ನ ಪಿಯಾನೊ ಕನ್ಚೆರ್ಟೊವನ್ನು ಅರ್ಪಿಸಿದ್ದು ಇವರಿಗೇ. ಅವರ ಸಂಗೀತ ಇವತ್ತು ಜಾಸ್ತಿ ನುಡಿಸುವುದಿಲ್ಲ, ಆದ್ದರಿಂದ ಪತ್ರ ಅಗ್ಗ. ಆದರೆ ಇಂಥವರ ಪತ್ರಗಳಲ್ಲೇ ಆ ಕಾಲದ ಸಂಗೀತದ ದಿನಬಳಕೆ ಸಿಗುತ್ತದೆ: ಯಾವ ಕಛೇರಿಗೆ ಯಾರು ಬಂದರು, ಗಾಯಕರಿಗೆ ಎಷ್ಟು ಕೊಡಬೇಕು, ರಿಹರ್ಸಲ್ ಯಾವಾಗ. ದೊಡ್ಡವರ ಪತ್ರಗಳೆಲ್ಲ ಅಚ್ಚಾಗಿ ಹೋಗಿವೆ. ಸಣ್ಣವರ ಪತ್ರಗಳಲ್ಲಿ ಯಾರೂ ಓದದೇ ಇರುವ ಸಾಲುಗಳು ಇನ್ನೂ ಇವೆ. ಒಬ್ಬ ಸಾಮಾನ್ಯ ಸಂಗ್ರಹಕಾರರಿಂದ ಸಂಗೀತ ಚರಿತ್ರೆಗೆ ಆಗಬಹುದಾದ ನಿಜವಾದ ಉಪಕಾರ ಇಲ್ಲಿದೆ ಅಂತ ನಾನು ನಂಬಿದ್ದೇನೆ.

ಪೂರ್ವಾಪರದ ಮಾತಿಗೆ ಬಂದರೆ ಹಿಲ್ಲರ್ ಹೆಸರಿಗೇ ಒಂದು ಪ್ರಸಂಗ ಅಂಟಿಕೊಂಡಿದೆ. 1827ರಲ್ಲಿ ಹುಡುಗ ಹಿಲ್ಲರ್ ಗುರು ಹುಮ್ಮೆಲ್ ಜೊತೆ ಸಾಯುವ ಸ್ಥಿತಿಯಲ್ಲಿದ್ದ ಬೀಥೋವನ್‌ನನ್ನು ನೋಡಲು ಹೋಗಿದ್ದ. ಬೀಥೋವನ್ ತೀರಿಕೊಂಡ ಮೇಲೆ ಹಿಲ್ಲರ್ ಅವನ ಒಂದು ಕುಚ್ಚು ಕೂದಲು ಕತ್ತರಿಸಿಕೊಂಡ ಅಂತ ದಾಖಲೆ. ಆ ಕೂದಲು ಅಂತ ಬಂದದ್ದು 1994ರಲ್ಲಿ ಹರಾಜಾಯಿತು. ಅದರಲ್ಲಿ ಸೀಸ ಸಿಕ್ಕಿತು, ಬೀಥೋವನ್‌ಗೆ ಸೀಸದ ವಿಷವೇರಿತ್ತು ಅಂತ ಜಗತ್ತೆಲ್ಲ ಬರೆದರು. 2023ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದರೆ ಅದು ಒಬ್ಬ ಹೆಂಗಸಿನ ಕೂದಲು! ಹಿಲ್ಲರ್ ಕೈಯಿಂದ ಹೊರಟದ್ದು ದಾರಿಯಲ್ಲಿ ಎಲ್ಲೋ ಬದಲಾಗಿರಬೇಕು. ಒಳ್ಳೇ ಹೆಸರಿನ ಮಾಲೀಕರಿದ್ದರೂ ನಡುವಿನ ಒಂದು ಕೊಂಡಿ ಸಡಿಲವಾದರೆ ಹೀಗಾಗುತ್ತದೆ.

ತಂಬೂರಿ

ಹಿಲ್ಲರ್ ಪತ್ರ ಕೊಳ್ಳುವುದಕ್ಕೆ ನನ್ನ ಅಡ್ಡಿ ಇಲ್ಲ, ಒಂದು ಷರತ್ತಿನ ಮೇಲೆ. ಎರಡೂ ಬದಿ ಸ್ಕ್ಯಾನ್ ಮಾಡಿ, ಓದಿ, ಎಲ್ಲರಿಗೂ ಸಿಗುವ ಹಾಗೆ ಇಡಿ. ಬೀರುವಿನಲ್ಲಿ ಮುಚ್ಚಿಡಬೇಡಿ.

ಮಲ್ಲೇಶ್ವರಂ_ಪಿಯಾನೊ

ಒಪ್ಪಿದೆ. ಕೊಲೋನ್‌ನ ಆರ್ಕೈವ್‌ಗೂ ಒಂದು ಪ್ರತಿ ಕಳಿಸುತ್ತೇನೆ.

ಕಾನೂನು_ಕಟ್ಟೆ (ಹುಬ್ಬಳ್ಳಿ)

ಕೊಳ್ಳುವ ಮೊದಲು ಎರಡು ಮಾತು. ಯುರೋಪ್ ಒಕ್ಕೂಟದಿಂದ 50 ವರ್ಷಕ್ಕಿಂತ ಹಳೆಯ, ಬರೆದವರ ಬಳಿ ಈಗ ಇಲ್ಲದ ಕೈಬರಹ ಹೊರಗೆ ಹೋಗಬೇಕಾದರೆ ರಫ್ತು ಲೈಸೆನ್ಸ್ ಬೇಕು. ಸ್ವರಲಿಪಿಯೂ ಇದರಲ್ಲಿ ಸೇರುತ್ತದೆ. ಬೆಲೆ ಎಷ್ಟೇ ಕಡಿಮೆ ಇರಲಿ, ನಿಯಮ ಒಂದೇ. ಮುದ್ರಿತ ಪುಸ್ತಕಕ್ಕೆ ಹಾಗಲ್ಲ, ಅಲ್ಲಿ ದೊಡ್ಡ ಬೆಲೆಯವಕ್ಕೆ ಮಾತ್ರ. ಹಾಗಾಗಿ ಶುಮನ್ ಸಲೀಸಾಗಿ ಬರುತ್ತದೆ, ಹಿಲ್ಲರ್‌ಗೆ ಅಂಗಡಿಯವರು ಅರ್ಜಿ ಹಾಕಬೇಕು. ಲೈಸೆನ್ಸ್ ಪ್ರತಿಯನ್ನು ಪತ್ರದ ಜೊತೆಗೇ ಇಡಿ. ಮುಂದೆ ಅದೇ ನಿಮ್ಮ ಪೂರ್ವಾಪರದ ಒಂದು ಕೊಂಡಿ.

ಇನ್ನೊಂದು ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ. ಚರಿತ್ರೆ, ಸಾಹಿತ್ಯ ಅಥವಾ ಕಲೆಯ ಮೌಲ್ಯವಿರುವ, 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳು ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಅಂಥವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಮುಂದೆಂದೋ ಲಂಡನ್‌ನಲ್ಲಿ ಮಾರೋಣ ಅನ್ನುವ ಯೋಚನೆ ಇದ್ದರೆ, ತರಿಸುವ ಮೊದಲೇ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಮಲ್ಲೇಶ್ವರಂ_ಪಿಯಾನೊ

ಮಾರುವ ಯೋಚನೆ ಇಲ್ಲ. ಅಂಗಡಿಯವರು ಲೈಸೆನ್ಸ್‌ಗೆ ಅರ್ಜಿ ಹಾಕಲು ಒಪ್ಪಿದ್ದಾರೆ. ಪತ್ರ ಮುಂಚೆ ಯಾರ ಬಳಿ ಇತ್ತು, ಯಾವ ಹರಾಜಿನಲ್ಲಿ ಬಂತು ಅನ್ನೋದನ್ನು ಕೇಳುವ ಮೊದಲೇ ಕಳಿಸಿದರು. ಪಟ್ಟಿಯ ಪುಟದ ಫೋಟೊ ಸಮೇತ. ದುಡ್ಡು ಕಳಿಸಿಬಿಟ್ಟೆ!

ಬೆಂಗಳೂರಿನ ಮನೆಯಲ್ಲಿ ಇಡೋದು ಹೇಗೆ? ಪಿಯಾನೊ ಮೇಲಿನ ಗೋಡೆಗೆ ಫ್ರೇಮ್ ಹಾಕಿಸಬಹುದಾ?

ಶಾಯಿ_ಮತ್ತು_ಕಾಗದ

ಗೋಡೆಗೆ ಸ್ಕ್ಯಾನ್ ಪ್ರತಿಯನ್ನು ಹಾಕಿ. ಮೂಲವನ್ನು ಬೇಡ. ಮ್ಯೂಸಿಯಂಗಳಲ್ಲಿ ಇಂಥ ಕಾಗದಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ, ಅದೂ ಕೆಲವೇ ತಿಂಗಳು.

ಆ ಕಾಲದ ಶಾಯಿ ಏನು ಗೊತ್ತಾ? ಓಕ್ ಮರದ ಗಂಟುಕಾಯಿ ಮತ್ತು ಕಬ್ಬಿಣದ ಸಲ್ಫೇಟ್. ಬರೆದಾಗ ತೆಳು, ಗಾಳಿ ತಾಗಿ ಕಪ್ಪಾಗುತ್ತದೆ, ಹಳತಾದಂತೆ ಕಂದು. ಅದರಲ್ಲಿ ಆಮ್ಲ ಇರುತ್ತದೆ. ತೇವ ಸಿಕ್ಕರೆ ಅದು ಕಾಗದವನ್ನೇ ತಿನ್ನುತ್ತದೆ. ಬರ್ಲಿನ್‌ನಲ್ಲಿರುವ ಬಾಖ್ ಕೈಬರಹಗಳಲ್ಲಿ ದಪ್ಪ ಸ್ವರಗಳ ಜಾಗದಲ್ಲಿ ಕಾಗದ ಉದುರಿ ತೂತಾಗಿತ್ತು. ಕೊನೆಗೆ ಒಂದು ಹಾಳೆಯನ್ನು ಎದುರು-ಹಿಂದು ಎರಡು ಪದರವಾಗಿ ಸೀಳಿ, ನಡುವೆ ತೆಳು ಗಟ್ಟಿ ಕಾಗದ ಇಟ್ಟು ಮತ್ತೆ ಅಂಟಿಸಿ ಉಳಿಸಿದರು. ಮೊದಲ ಸಲ ಆ ವಿಧಾನದ ಬಗ್ಗೆ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ನಿಮ್ಮದು ಒಂದೇ ಪತ್ರ, ಕಷ್ಟವಿಲ್ಲ. ಆಮ್ಲರಹಿತ ಕಾಗದದ ಮಡಿಕೆಯಲ್ಲಿ ಚಪ್ಪಟೆಯಾಗಿ ಇಡಿ, ಅದನ್ನು ಗಟ್ಟಿ ಡಬ್ಬಿಯಲ್ಲಿ ಇಡಿ. ಹೊರಗೋಡೆಗೆ ತಾಗಿದ ಬೀರು ಬೇಡ, ಮಳೆಗಾಲದಲ್ಲಿ ತೇವ ಬರುತ್ತದೆ. ಲ್ಯಾಮಿನೇಷನ್ ಯಾವತ್ತೂ ಬೇಡ. ಸೆಲ್ಲೋ ಟೇಪ್, ಸ್ಟೇಪ್ಲರ್, ಕ್ಲಿಪ್ ಬೇಡ. ಮಡಿಕೆಯಲ್ಲಿ ಸೀಳಿದ್ದರೆ ನೀವೇ ಅಂಟಿಸಬೇಡಿ. ಮುದ್ರೆ ಹಾಕಿದ ಜಾಗದಲ್ಲಿ ಸ್ವಲ್ಪ ಕಾಗದ ಹೋಗಿರಬಹುದು. ಪತ್ರ ಒಡೆದಾಗ ಹರಿದದ್ದು ಅದು, ಹಾಗೇ ಇರಲಿ. ಸಿಲ್ವರ್‌ಫಿಶ್ ಹುಳಕ್ಕೆ ಆಗಾಗ ತೆಗೆದು ನೋಡುವುದೇ ಒಳ್ಳೇ ಔಷಧಿ. ಮುಟ್ಟುವಾಗ ಕೈ ತೊಳೆದು ಒಣಗಿಸಿಕೊಳ್ಳಿ, ಹತ್ತಿರ ಪೆನ್ನು ಇಡಬೇಡಿ, ಪೆನ್ಸಿಲ್ ಮಾತ್ರ.

ಮಲ್ಲೇಶ್ವರಂ_ಪಿಯಾನೊ

ಎಲ್ಲ ಬರೆದುಕೊಂಡೆ. ಓದುವುದಕ್ಕೆ ಸಹಾಯ ಬೇಕು. ಅಂಗಡಿಯವರು ಕಳಿಸಿದ ಫೋಟೊದಲ್ಲಿ ಒಂದು ಅಕ್ಷರವೂ ತಿಳಿಯಲಿಲ್ಲ, ನನಗೆ ಜರ್ಮನ್ ಬರುತ್ತೆ ಆದರೂ.

ಹಳೇಕಾಗದ

ಅದು ಕುರೆಂಟ್ ಅನ್ನುವ ಹಳೇ ಜರ್ಮನ್ ಕೈಬರಹ. ಇಂದಿನ ಜರ್ಮನ್ನರಿಗೂ ಬರುವುದಿಲ್ಲ. ಇ ಮತ್ತು ಎನ್ ಒಂದೇ ಥರ ಕಾಣುತ್ತವೆ. ಯು ಮೇಲೆ ಒಂದು ಸಣ್ಣ ಬಾಗಿದ ಗೆರೆ ಇರುತ್ತದೆ, ಎನ್‌ನಿಂದ ಬೇರೆ ಅಂತ ತೋರಿಸಲು. ಮೊದಲು ಊರು ಮತ್ತು ತಾರೀಖು ಓದಿ, ಆಮೇಲೆ ಹೆಸರುಗಳು. ಊರು, ವ್ಯಕ್ತಿಗಳ ಹೆಸರುಗಳನ್ನು ಎಷ್ಟೋ ಜನ ಇಂಗ್ಲಿಷ್ ಥರದ ಅಕ್ಷರದಲ್ಲೇ ಬರೆಯುತ್ತಿದ್ದರು, ಅವು ಬೇಗ ಸಿಗುತ್ತವೆ. ಅವುಗಳಿಂದ ಆ ಕೈಯ ಅಕ್ಷರಗಳ ಪಟ್ಟಿ ಮಾಡಿಕೊಳ್ಳಿ. ಉಳಿದ ಸಾಲು ನಿಧಾನಕ್ಕೆ ಬಿಚ್ಚಿಕೊಳ್ಳುತ್ತವೆ.

ಪತ್ರ ಬಂದ ಮೇಲೆ ಎರಡೂ ಬದಿಯ ಫೋಟೊ ಇಲ್ಲಿ ಹಾಕಿ. ಇನ್ನೊಂದು ಫೋಟೊ ಹಿಂದಿನಿಂದ ಬೆಳಕು ಬಿಟ್ಟು ತೆಗೆಯಿರಿ, ವಾಟರ್‌ಮಾರ್ಕ್ ಕಾಣಲಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ನಾನು ಮೊದಲ ಪುಟ ಓದುತ್ತೇನೆ, ಎರಡನೆಯದು ನೀವು ಪ್ರಯತ್ನಿಸಿ. ಆಮೇಲೆ ಹೊಂದಿಸಿ ನೋಡೋಣ.

ಮೈಸೂರು_ಮೆಟ್ನರ್

ನಾನೂ ಸೇರಿಕೊಳ್ಳಬಹುದಾ? ಕುರೆಂಟ್ ಕಲಿಯಬೇಕು ಅಂತ ಬಹಳ ದಿನದಿಂದ ಇದೆ.

ಹಳೇಕಾಗದ

ಖಂಡಿತ. ಹಾಗಾದರೆ ಮೂರನೇ ಪುಟ ನಿಮ್ಮದು. ಪತ್ರಕ್ಕೆ ಮೂರನೇ ಪುಟ ಇದೆಯಾ ಅಂತ ಮೇಡಂ ಅಂಗಡಿಯವರನ್ನು ಕೇಳಿ ಹೇಳಲಿ.